ಕರೆಂಟು ಕೈಕೊಟ್ಟರೂ ಹಾಲು ಕೆಡದಿರಲಿ



ಸಾಯಂಕಾಲ ಆರೂವರೆ ಗಂಟೆ. ಕಾನಹೊಸಹಳ್ಳಿ, ಗುಡೇಕೋಟೆ ಕಡೆಯ ಯಾವುದಾದರೂ ಊರಿನ ಡೇರಿಯ ಮುಂದೆ ನಿಂತು ನೋಡಿರಿ. ಕ್ಯಾನು, ತಂಬಿಗೆ ಹಿಡಿದು ಇಪ್ಪತ್ತು ಮೂವತ್ತು ಮಂದಿ ಸಾಲಿನಲ್ಲಿ ನಿಂತಿರುತ್ತಾರೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ದೀಪ ಆರುತ್ತದೆ. ಡಿಗ್ರಿ ನೋಡುವ ಯಂತ್ರ ನಿಲ್ಲುತ್ತದೆ. ಕಾರ್ಯದರ್ಶಿಗಳು "ಇನ್ನೇನು ಬರುತ್ತದೆ, ಸ್ವಲ್ಪ ತಡೆಯಿರಿ" ಎನ್ನುತ್ತಾರೆ. ಎಲ್ಲರೂ ತಡೆಯುತ್ತಾರೆ. ಹಾಲು ಮಾತ್ರ ತಡೆಯುವುದಿಲ್ಲ.

ಈ ಲೇಖನದ ಸಾರಾಂಶ ಇಷ್ಟೇ. ಕರೆಂಟು ಹೋದ ಗಳಿಗೆಯಿಂದ ಹೊತ್ತು ಎಣಿಸಬೇಡಿರಿ, ಹಾಲು ಕೆಚ್ಚಲಿನಿಂದ ಇಳಿದ ಗಳಿಗೆಯಿಂದ ಎಣಿಸಿರಿ. ಈ ಒಂದು ಲೆಕ್ಕ ನಿಮ್ಮ ಮನಸ್ಸಿನಲ್ಲಿ ಕೂತರೆ ಮನೆಯಲ್ಲಿ, ಸಂಘದಲ್ಲಿ, ಶೀತಲೀಕರಣ ಘಟಕದಲ್ಲಿ ಯಾವ ಕೆಲಸ ಎಷ್ಟು ಹೊತ್ತಿನೊಳಗೆ ಆಗಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹಾಲಿಗೆ ಎಷ್ಟು ತಾಸು ಆಯಸ್ಸು?

ಆಗತಾನೆ ಹಿಂಡಿದ ಹಾಲಿನ ಉಷ್ಣತೆ ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸೂಕ್ಷ್ಮಜೀವಿಗಳು ಬೆಳೆಯುವುದಕ್ಕೆ ಇದಕ್ಕಿಂತ ಅನುಕೂಲವಾದ ತಾಣ ಬೇರೆ ಬೇಡ. ಆದರೆ ಹೊಸ ಹಾಲಿಗೆ ಪ್ರಕೃತಿಯೇ ಒಂದು ಕಾವಲು ಕೊಟ್ಟಿದೆ. ಹಾಲಿನಲ್ಲಿಯೇ ಇರುವ ಕೆಲವು ಅಂಶಗಳು ಸುಮಾರು ಎರಡು ತಾಸಿನವರೆಗೆ ಈ ಜೀವಿಗಳ ಬೆಳವಣಿಗೆಯನ್ನು ಹಿಡಿದಿಡುತ್ತವೆ. ಹಾಲು ತಣ್ಣಗಾದಷ್ಟೂ ಈ ಕಾವಲು ಹೆಚ್ಚು ಹೊತ್ತು ನಿಲ್ಲುತ್ತದೆ. ಕೆಚ್ಚಲು ತೊಳೆಯದೆ, ಕೊಳಕು ಪಾತ್ರೆಯಲ್ಲಿ ಹಿಂಡಿದರೆ ಬೇಗ ಮುಗಿಯುತ್ತದೆ.

ಕಾವಲು ಮುಗಿದ ಮೇಲೆ, ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಅರ್ಧ ತಾಸಿಗೆ ಒಂದಕ್ಕೆ ಎರಡಾಗಬಲ್ಲವು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಮೂರು ತಾಸಿನಲ್ಲಿ ಒಂದು ಇದ್ದದ್ದು 64 ಆಗುತ್ತದೆ, ಐದು ತಾಸಿಗೆ ಸಾವಿರ ದಾಟುತ್ತದೆ. ಇವು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಬಿಡುತ್ತವೆ. ನಾಲಗೆಗೆ ಹುಳಿ ತಿಳಿಯುವುದು ಬಹಳ ತಡವಾಗಿ. ಅದಕ್ಕೂ ಮೊದಲೇ ಕಾಯಿಸಿದರೆ ಒಡೆಯುವ ಸ್ಥಿತಿಗೆ ಹಾಲು ಬಂದಿರುತ್ತದೆ.

ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಈ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ತಂಪು ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಕೆಟ್ಟದ್ದನ್ನು ಸರಿಮಾಡುವುದಿಲ್ಲ. ಐದು ತಾಸು ಬೆಚ್ಚಗೆ ನಿಂತ ಹಾಲನ್ನು ಎಷ್ಟು ತಣಿಸಿದರೂ ಅದು ಹೊಸ ಹಾಲಾಗದು. ಒಬ್ಬರ ಒಂದು ಕ್ಯಾನು ಕೆಟ್ಟ ಹಾಲು ತೊಟ್ಟಿಗೆ ಬಿದ್ದರೆ ಊರಿನವರ ಹಾಲೆಲ್ಲ ಅದರ ಜೊತೆ ಹೋಗುತ್ತದೆ.

ನಷ್ಟದ ಲೆಕ್ಕವನ್ನೂ ನೋಡಿರಿ. ಲೆಕ್ಕಕ್ಕೆ ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 40 ಲೀಟರಿನ ಒಂದು ಕ್ಯಾನು ಒಡೆದರೆ 1,400 ರೂಪಾಯಿ ಚರಂಡಿಗೆ. 1,000 ಲೀಟರಿನ ತೊಟ್ಟಿ ಕೆಟ್ಟರೆ 35,000 ರೂಪಾಯಿ. ಅದು ಯಾರೋ ಒಬ್ಬರ ಹಣವಲ್ಲ, ಮೇವು ಹಿಂಡಿಗೆ ಸಾಲ ಮಾಡಿದ ನಮ್ಮ ನಿಮ್ಮೆಲ್ಲರ ಹಣ.

ಕರೆಂಟು ಏಕೆ ಹೋಗುತ್ತದೆ?

"ಕುಡತಿನಿಯಲ್ಲಿ ಅಷ್ಟು ದೊಡ್ಡ ಸ್ಥಾವರವಿದೆ, ನಮ್ಮ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ತಿರುಗುತ್ತಿವೆ, ಆದರೂ ನಮ್ಮೂರಿಗೆ ಕರೆಂಟಿಲ್ಲವೇಕೆ?" ಎಂದು ಸದಸ್ಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಉತ್ತರದಲ್ಲಿ ಎರಡು ಭಾಗಗಳಿವೆ.

ಮೊದಲನೆಯದು ಉತ್ಪಾದನೆಯ ಕೊರತೆ. ನಮ್ಮ ರಾಜ್ಯದ ವಿದ್ಯುತ್ತು 1902ರಲ್ಲಿ ಶಿವನಸಮುದ್ರದಲ್ಲಿ ನೀರಿನಿಂದ ಹುಟ್ಟಿತು. ಮುಂದೆ ಶರಾವತಿಯೂ ನೀರೇ. ಮಳೆ ಕೈಕೊಟ್ಟ ವರ್ಷ ದೀಪವೂ ಕೈಕೊಡುತ್ತಿತ್ತು. 1985ರಲ್ಲಿ ರಾಯಚೂರಿನ ಶಕ್ತಿನಗರದ, ಅನಂತರ ಕುಡತಿನಿಯ ಕಲ್ಲಿದ್ದಲು ಸ್ಥಾವರಗಳು, ಈಚೆಗೆ ಪಾವಗಡದ ಸೌರ ಪಾರ್ಕು ಬಂದ ಮೇಲೆ ನೀರನ್ನೇ ನಂಬುವುದು ತಪ್ಪಿದೆ. ಆದರೂ 2023ರಲ್ಲಿ ಮುಂಗಾರು ಸೋತಾಗ ಕೊರತೆ ಮತ್ತೆ ಬಂತು. ಆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳಿಗೆ 7 ತಾಸಿನ ಬದಲು 5 ತಾಸು ತ್ರೀ ಫೇಸ್ ಸಿಕ್ಕಿದ್ದನ್ನು ನೀವು ಮರೆತಿರಲಾರಿರಿ. ಇನ್ನೊಂದು ಮಾತು: ಸೂರ್ಯನ ಕರೆಂಟು ಮಧ್ಯಾಹ್ನ ಹೇರಳ, ಸಂಜೆಗೆ ಇಲ್ಲ. ಎಲ್ಲರ ಮನೆಯ ದೀಪ ಹತ್ತುವುದೂ, ನಾವು ಹಾಲು ಹಾಕುವುದೂ ಅದೇ ಸಂಜೆಯ ಹೊತ್ತಿನಲ್ಲಿ. ಆದ್ದರಿಂದ ಸಂಜೆಯ ಹಾಲಿಗೇ ಅಪಾಯ ಹೆಚ್ಚು.

ಎರಡನೆಯದು ಲೈನಿನ ತೊಂದರೆ. ನಾವು ದಿನನಿತ್ಯ ಕಾಣುವುದು ಇದನ್ನೇ. ಕುಡತಿನಿಯಲ್ಲಿ ಹುಟ್ಟಿದ ಕರೆಂಟು ಕುಡತಿನಿಯ ಸುತ್ತಲಿನವರಿಗೇ ಎಂದು ಬರುವುದಿಲ್ಲ. ಅದು ರಾಜ್ಯದ ದೊಡ್ಡ ಜಾಲಕ್ಕೆ ಸೇರಿ, ಸ್ಟೇಷನ್ನಿನಿಂದ 11 ಕೆ.ವಿ. ಫೀಡರಿನ ಮೂಲಕ ನಮ್ಮೂರಿನ ಟಿ.ಸಿ.ಗೆ ಇಳಿಯುತ್ತದೆ. ಈ ಕೊನೆಯ ಹಾದಿಯಲ್ಲಿ ಗಾಳಿಗೆ ಕೊಂಬೆ ತಾಗಿದರೆ, ಇನ್ಸುಲೇಟರ್ ಸಿಡಿದರೆ, ಟಿ.ಸಿ. ಸುಟ್ಟರೆ ಎಲ್ಲಿ ಎಷ್ಟು ಮೆಗಾವಾಟ್ ಇದ್ದರೂ ನಮಗೆ ಕತ್ತಲೆಯೇ.

ಟಿ.ಸಿ. ಏಕೆ ಸುಡುತ್ತದೆ? 63 ಕೆ.ವಿ.ಎ. ಟಿ.ಸಿ. ಒಂದು 5 ಎಚ್.ಪಿ.ಯ ಸುಮಾರು ಹತ್ತು ಪಂಪುಗಳನ್ನು ತಾಳಬಲ್ಲದು. ಅದಕ್ಕೆ ಹದಿನೈದು ಇಪ್ಪತ್ತು ಪಂಪು ಕಟ್ಟಿ, ಕರೆಂಟು ಬಂದೊಡನೆ ಎಲ್ಲವೂ ಒಟ್ಟಿಗೇ ಹೊರಟರೆ ವೋಲ್ಟೇಜು ಕುಸಿಯುತ್ತದೆ, ಎಣ್ಣೆ ಕಾಯುತ್ತದೆ, ಸುರುಳಿ ಸುಡುತ್ತದೆ. ಪಂಪಿಗೆ ತಕ್ಕ ಕೆಪಾಸಿಟರ್ ಹಾಕಿಸುವುದು, ಆಟೋ ಸ್ಟಾರ್ಟರ್ ಇದ್ದವರು ಒಂದೊಂದು ಪಂಪು ಕೆಲವು ನಿಮಿಷ ಬಿಟ್ಟು ಹೊರಡುವಂತೆ ಹೊಂದಿಸಿಕೊಳ್ಳುವುದು, ಅಧಿಕೃತವಾಗಿ ಹೊರೆ ಬರೆಸುವುದು, ಇವು ನಮ್ಮ ಕೈಯಲ್ಲಿರುವ ಪರಿಹಾರಗಳು. ಟಿ.ಸಿ. ಸುಟ್ಟರೆ ಪಂಪಿನವನ ಬೆಳೆಯ ಜೊತೆಗೆ ಅದೇ ಲೈನಿನ ಡೇರಿಯ ಹಾಲೂ ಹೋಗುತ್ತದೆ.

ನಿಮ್ಮ ಡೇರಿ ಯಾವ ಫೀಡರಿನ ಮೇಲಿದೆ?

ಇದನ್ನು ಬಹಳ ಸಂಘಗಳವರು ಕೇಳಿಯೇ ಇರುವುದಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನೂ ತೋಟದ ಪಂಪುಗಳ ಲೈನನ್ನೂ ಬೇರೆ ಬೇರೆ ಮಾಡಲಾಯಿತು. ಊರಿನ ಲೈನಿಗೆ ದಿನವಿಡೀ ಸರಬರಾಜು ಇರಬೇಕೆಂಬುದು ಉದ್ದೇಶ. ತೋಟದ ಲೈನಿಗೆ ಗೊತ್ತುಪಡಿಸಿದ ತಾಸುಗಳಲ್ಲಿ ಮಾತ್ರ ತ್ರೀ ಫೇಸ್ ಬರುತ್ತದೆ, ಉಳಿದ ಹೊತ್ತು ಬಂದರೆ ದೀಪಕ್ಕೆ ಸಾಲುವಷ್ಟು ಸಿಂಗಲ್ ಫೇಸ್. ದೀಪ ಉರಿಯುತ್ತಿದ್ದರೂ ಶೀತಲೀಕರಣದ ಮೋಟಾರು ಹೊರಡದಿರುವುದಕ್ಕೆ ಕಾರಣ ಇದೇ.

ನಿಮ್ಮ ಸಂಘದ ಕಟ್ಟಡ ಊರ ಹೊರಗಿದ್ದರೆ ಅದು ತೋಟದ ಲೈನಿಗೆ ಸೇರಿರುವ ಸಂಭವವುಂಟು. ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿರಿ. ತೋಟದ ಲೈನಿನ ಮೇಲಿದ್ದರೆ ಊರಿನ ಲೈನಿಗೆ ಬದಲಾಯಿಸಿಕೊಡಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿ, ಸಂಘದ ಮೊಹರಿನೊಂದಿಗೆ ಜೆಸ್ಕಾಂಗೆ ಅರ್ಜಿ ಕೊಡಲಿ. ನಾಲ್ಕು ಕಂಬಗಳ ಕೆಲಸದಿಂದ ವರ್ಷಗಟ್ಟಲೆಯ ತಾಪತ್ರಯ ತಪ್ಪಬಹುದು.

ಮನೆಯಲ್ಲಿ ಮಾಡಬೇಕಾದದ್ದು

1. ಡೇರಿಯ ಹೊತ್ತಿಗೆ ಹೊಂದಿಸಿ ಹಿಂಡಿರಿ. ಆರೂವರೆಗೆ ಹಾಲು ಹಾಕುವವರು ನಾಲ್ಕೂವರೆಗೇ ಹಿಂಡಿದರೆ ಆ ಎರಡು ತಾಸಿನ ಕಾವಲು ಮನೆಯಲ್ಲೇ ಖರ್ಚಾಗಿ ಹೋಯಿತು.

2. ಕೆಚ್ಚಲನ್ನು ತೊಳೆದು ಒಣ ಬಟ್ಟೆಯಿಂದ ಒರೆಸಿರಿ. ಮೊದಲ ಒಂದೆರಡು ಸೆಳೆತವನ್ನು ಬೇರೆ ಬಟ್ಟಲಿಗೆ ಬಿಡಿರಿ. ಸ್ಟೀಲು ಅಥವಾ ಅಲ್ಯೂಮಿನಿಯಂ ಪಾತ್ರೆ ಬಳಸಿರಿ, ಗೀರು ಬಿದ್ದ ಪ್ಲಾಸ್ಟಿಕ್ ಕೊಡ ಬೇಡ. ಕರೆಂಟಿಲ್ಲದ ದಿನ ಹಾಲನ್ನು ಕಾಯುವುದು ಮೊದಲು ಈ ಶುಚಿತ್ವವೇ.

3. ತಡವಾಗುವುದು ಖಚಿತವಾದರೆ ಹಾಲಿನ ಪಾತ್ರೆಯನ್ನು ನೆರಳಿನಲ್ಲಿ, ತಣ್ಣೀರಿನ ತೊಟ್ಟಿಯಲ್ಲಿ, ಒಳಗಿನ ಹಾಲಿನ ಮಟ್ಟಕ್ಕೆ ಹೊರಗಿನ ನೀರು ಬರುವಂತೆ ಇರಿಸಿರಿ. ಹಾಲಿನ ಮೂರು ಪಟ್ಟು ನೀರಿರಲಿ. ಶುಚಿಯಾದ ಸೌಟಿನಿಂದ ಆಗಾಗ ತಿರುವಿರಿ. ಒಂದು ತಾಸಿನಲ್ಲಿ ಏಳೆಂಟು ಡಿಗ್ರಿಯಷ್ಟು ಇಳಿಯುತ್ತದೆ.

4. ಪಾತ್ರೆಯ ಸುತ್ತ ಒದ್ದೆ ಗೋಣಿಚೀಲ ಸುತ್ತಿ ಗಾಳಿಗೆ ಇರಿಸಿದರೂ ತಂಪು ಬರುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವ ಗುಟ್ಟೇ ಇಲ್ಲಿಯೂ ಇದೆ: ನೀರು ಆರುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆಯ ಮಾರ್ಚ್, ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟಾಗಿ ಇಲ್ಲ. ಇದರಿಂದ 4 ಡಿಗ್ರಿ ಬರುವುದಿಲ್ಲ, ಒಂದೆರಡು ತಾಸು ಹೆಚ್ಚು ಅವಕಾಶ ಸಿಗುತ್ತದೆ ಅಷ್ಟೇ.

5. ರಾತ್ರಿಯ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಬೇಡಿರಿ. ಹಾಲಿನೊಳಗೆ ಐಸ್ ಹಾಕಬೇಡಿರಿ, ಅದು ನೀರು ಬೆರೆಸಿದಂತೆಯೇ. ಅಡುಗೆ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್, ಫಾರ್ಮಲಿನ್ ಮುಂತಾದವನ್ನು ಯಾರು ಏನೇ ಹೇಳಿದರೂ ಹಾಕಬೇಡಿರಿ. ಕರೆಂಟಿಲ್ಲದ್ದು ನಮ್ಮ ತಪ್ಪಲ್ಲ, ಆದರೆ ಕಲಬೆರಕೆ ಮಾಡಿದರೆ ಅದು ನಮ್ಮದೇ ಅಪರಾಧ. ಆ ಹಾಲು ಕುಡಿಯುವವು ಮಕ್ಕಳು.

6. ನೀರನ್ನು ಮರೆಯಬೇಡಿರಿ. ಕರೆಂಟು ಕೈಕೊಟ್ಟಾಗ ಹಾಲು ಕಡಿಮೆಯಾಗುವುದು ಡೇರಿಗಿಂತ ಮೊದಲು ಕೊಟ್ಟಿಗೆಯಲ್ಲಿ. ಹಾಲು ಕೊಡುವ ಮಿಶ್ರತಳಿ ಹಸುವೊಂದಕ್ಕೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೋರಿಗೆ ಕರೆಂಟಿಲ್ಲದೆ ಹಸು ಬಾಯಾರಿದರೆ ಮರುದಿನದ ಹಾಲಿನಲ್ಲೇ ಗೊತ್ತಾಗುತ್ತದೆ. ನಾಲ್ಕು ಹಸುಗಳಿದ್ದರೆ ಎರಡು ದಿನಕ್ಕೆ 640 ಲೀಟರ್ ಹಿಡಿಯುವ ತೊಟ್ಟಿಯನ್ನು ನೆರಳಿನಲ್ಲಿ ಕಟ್ಟಿಸಿರಿ. ತ್ರೀ ಫೇಸ್ ಬಂದಾಗ ಮೊದಲು ದನದ ತೊಟ್ಟಿ ತುಂಬಲಿ, ಆಮೇಲೆ ಹೊಲಕ್ಕೆ ಹರಿಯಲಿ. ಮೇವು ಕತ್ತರಿಸುವ ಯಂತ್ರವನ್ನೂ ಆ ಹೊತ್ತಿನಲ್ಲೇ ನಡೆಸಿಕೊಳ್ಳಿರಿ.

7. ಹಾಲು ಹಿಂಡುವ ಯಂತ್ರ ಇಟ್ಟುಕೊಂಡವರು ಕೈಯಿಂದ ಹಿಂಡುವುದನ್ನು ಬಿಡಬಾರದು. ನಡುವೆ ಕರೆಂಟು ಹೋದರೆ ಕೂಡಲೇ ಯಂತ್ರ ಕಳಚಿ ಕೈಯಿಂದ ಮುಗಿಸಿರಿ. ಕೆಚ್ಚಲಿನಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ.

ಸಂಘದಲ್ಲಿ ಮಾಡಬೇಕಾದದ್ದು

ಹಾಲು ಅಳೆಯುವ ಯಂತ್ರ, ಕಂಪ್ಯೂಟರು, ಚೀಟಿ ಮುದ್ರಿಸುವ ಪ್ರಿಂಟರು, ಒಂದು ದೀಪ, ಎಲ್ಲ ಸೇರಿ ಸುಮಾರು 150 ವಾಟ್ ಎಂದಿಟ್ಟುಕೊಳ್ಳಿರಿ. 150 ಆಂಪಿಯರ್ ತಾಸಿನ ಒಂದು ಒಳ್ಳೆಯ ಬ್ಯಾಟರಿ ಮತ್ತು ಇನ್ವರ್ಟರ್ ಇದ್ದರೆ ಇವು ಏಳೆಂಟು ತಾಸು ನಡೆಯುತ್ತವೆ. ಎಂದರೆ ಎರಡು ಹೊತ್ತಿನ ಸಂಗ್ರಹಣೆಗೂ ಸಾಕು. ಆದರೂ ಅನೇಕ ಕಡೆ ಇನ್ವರ್ಟರ್ ಇದ್ದೂ ಇಲ್ಲದಂತಾಗಿರುತ್ತದೆ. ಕಾರಣ ಬ್ಯಾಟರಿಯ ನೀರು. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿರಿ. ಉಪ್ಪು ತುಂಬಿದ ನಮ್ಮ ಬೋರಿನ ನೀರು ಹಾಕಿದರೆ ಬ್ಯಾಟರಿ ಬೇಗನೆ ಸಾಯುತ್ತದೆ.

ಬ್ಯಾಟರಿಯೂ ಕೈಕೊಟ್ಟ ದಿನಕ್ಕಾಗಿ ಕೈಯಿಂದ ತಿರುಗಿಸುವ ಗರ್ಬರ್ ಯಂತ್ರ, ಲ್ಯಾಕ್ಟೋಮೀಟರ್, ಅಳತೆಯ ಪಾತ್ರೆ ಕಪಾಟಿನಲ್ಲಿರಲಿ. ಅವನ್ನು ಬಳಸಲು ಸಿಬ್ಬಂದಿಗೆ ಅಭ್ಯಾಸವೂ ಇರಲಿ. ಅದೂ ಆಗದಿದ್ದರೆ ಪ್ರತಿ ಸದಸ್ಯರ ಹಾಲಿನ ಮಾದರಿಯನ್ನು ಸಂಖ್ಯೆ ಬರೆದ ಸೀಸೆಯಲ್ಲಿ ತೆಗೆದಿರಿಸಿ, ಹಾಲನ್ನು ತೂಗಿ ಕ್ಯಾನಿಗೆ ಸುರಿದು, ಕರೆಂಟು ಬಂದ ಮೇಲೆ ಮಾದರಿಯನ್ನು ಪರೀಕ್ಷಿಸಲಿ. ಯಂತ್ರಕ್ಕಾಗಿ ಹಾಲು ಕಾಯಬಾರದು. ಸದಸ್ಯರೂ ಅಂದಾಜು ಡಿಗ್ರಿ ಬರೆಸಿಕೊಂಡು ಹೋಗಬಾರದು. ಅಂದಾಜಿನಿಂದ ಇಂದು ಒಬ್ಬರಿಗೆ ಲಾಭ, ನಾಳೆ ಇನ್ನೊಬ್ಬರಿಗೆ ನಷ್ಟ, ನಾಡಿದ್ದು ಸಂಘದಲ್ಲಿ ಜಗಳ.

ಲಾರಿ ಬರುವವರೆಗೆ ಕ್ಯಾನುಗಳು ಬಿಸಿಲಿನಲ್ಲಿ ಜಗಲಿಯ ಮೇಲೆ ನಿಲ್ಲಬಾರದು. ಕ್ಯಾನಿನ ಕುತ್ತಿಗೆಯ ಕೆಳಗಿನ ಮಟ್ಟಕ್ಕೆ ನೀರು ನಿಲ್ಲುವ ಸಣ್ಣ ಸಿಮೆಂಟ್ ತೊಟ್ಟಿ, ಅದರ ಮೇಲೊಂದು ಚಪ್ಪರ, ಇಷ್ಟಿದ್ದರೆ ಅದಕ್ಕೆ ಕರೆಂಟೇ ಬೇಡ.

ಶೀತಲೀಕರಣ ಘಟಕ ಇರುವ ಸಂಘಗಳಿಗೆ

1,000 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಯಂತ್ರಕ್ಕೆ ಸುಮಾರು 14 ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 112 ರೂಪಾಯಿ, ಲೀಟರ್ ಹಾಲಿಗೆ ಸುಮಾರು 11 ಪೈಸೆ. ಡೀಸೆಲ್ ಜನರೇಟರಿನಲ್ಲಿ ಒಂದು ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಬರುತ್ತದೆ. ಆದ್ದರಿಂದ 5 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಎಂದರೆ 450 ರೂಪಾಯಿ, ಲೀಟರ್ ಹಾಲಿಗೆ 45 ಪೈಸೆ. ಜನರೇಟರ್ ದುಬಾರಿ ಎಂಬುದು ನಿಜ. ಆದರೆ 450 ರೂಪಾಯಿ ಉಳಿಸಲು ಹೋಗಿ 35,000 ರೂಪಾಯಿಯ ಹಾಲನ್ನು ಪಣಕ್ಕಿಡುವುದು ಜಾಣತನವಲ್ಲ.

ಈ ಕೆಳಗಿನವನ್ನು ಪಾಲಿಸಿರಿ:

* ವಾರಕ್ಕೊಮ್ಮೆ ಜನರೇಟರನ್ನು ಹದಿನೈದು ನಿಮಿಷ ನಡೆಸಿ ನೋಡಿರಿ. ಬೇಕಾದ ದಿನ ಹೊರಡದಿರುವುದಕ್ಕೆ ಅದರ ಬ್ಯಾಟರಿ ಸತ್ತಿರುವುದೇ ಅನೇಕ ಸಲ ಕಾರಣ.
* ಲೈನಿಗೂ ಜನರೇಟರಿಗೂ ನಡುವೆ ಚೇಂಜ್ ಓವರ್ ಸ್ವಿಚ್ ಇರಲೇಬೇಕು. ಇಲ್ಲವಾದರೆ ನಮ್ಮ ಜನರೇಟರಿನ ಕರೆಂಟು ಲೈನಿಗೆ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮನ್ನರ ಜೀವ ತೆಗೆಯಬಹುದು.
* ಒಂದು ಫೇಸ್ ಹೋದರೆ ಕಂಪ್ರೆಸರ್ ತಾನಾಗಿ ನಿಲ್ಲುವಂತೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿರಿ. ಕರೆಂಟು ಬಂದ ಕೂಡಲೇ ಕಂಪ್ರೆಸರ್ ಹೊರಡಿಸದೆ ಕೆಲವು ನಿಮಿಷ ಬಿಡಿರಿ.
* ತಣ್ಣಗಾದ ತೊಟ್ಟಿಯ ಮುಚ್ಚಳವನ್ನು ಕರೆಂಟಿಲ್ಲದಾಗ ತೆರೆಯಬೇಡಿರಿ. ತಣ್ಣಗಾದ ಹಾಲು ಮುಚ್ಚಿದ ತೊಟ್ಟಿಯಲ್ಲಿ ತಾಸುಗಟ್ಟಲೆ ತಾಳುತ್ತದೆ. ಅದರ ಮೇಲೆ ಬಿಸಿ ಹಾಲು ಸುರಿದರೆ ಎರಡೂ ಕೆಡುತ್ತವೆ.
* ಕರೆಂಟೂ ಇಲ್ಲ, ಜನರೇಟರೂ ಹೊರಡದು ಎಂದಾದರೆ ಕಾದು ಕೂರಬೇಡಿರಿ. ಕೂಡಲೇ ಒಕ್ಕೂಟಕ್ಕೆ ಫೋನು ಮಾಡಿ ಟ್ಯಾಂಕರ್ ಕೇಳಿರಿ. ಮೊದಲ ತಾಸಿನಲ್ಲಿ ಬಂದ ಫೋನಿನಿಂದ ಹಾಲು ಉಳಿಯುತ್ತದೆ, ಐದನೆಯ ತಾಸಿನಲ್ಲಿ ಬಂದದ್ದರಿಂದ ಪ್ರಯೋಜನವಿಲ್ಲ.

ಸೂರ್ಯನ ಶಕ್ತಿ ಆದೀತೇ?

ಆದೀತು, ಆದರೆ ಲೆಕ್ಕ ತಿಳಿದು ಕೈಹಾಕಬೇಕು. ನಮ್ಮ ಕಡೆ 1 ಕಿಲೋವಾಟ್ ಫಲಕದಿಂದ ದಿನಕ್ಕೆ ಸುಮಾರು 4 ಯೂನಿಟ್ ನಿರೀಕ್ಷಿಸಬಹುದು. 1,000 ಲೀಟರ್ ತಣಿಸುವ 14 ಯೂನಿಟ್ಟಿಗೆ 4ರಿಂದ 5 ಕಿಲೋವಾಟ್ ಬೇಕು. ತೊಡಕು ಎಲ್ಲಿ ಎಂದರೆ, ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ, ಬಿಸಿಲು ಬರುವುದು ಮಧ್ಯಾಹ್ನ. ಆ ಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಡಬಹುದು, ಆದರೆ ಬ್ಯಾಟರಿಗೆ ಹಣ ಹೆಚ್ಚು, ಬಾಳಿಕೆ ಕಡಿಮೆ.

ಇನ್ನೊಂದು ಉಪಾಯವೆಂದರೆ ಕರೆಂಟಿನ ಬದಲು ತಂಪನ್ನೇ ಕೂಡಿಡುವುದು. ಬಿಸಿಲಿದ್ದಾಗ ಅಥವಾ ಲೈನಿನಲ್ಲಿ ಕರೆಂಟಿದ್ದಾಗ ಯಂತ್ರ ನೀರನ್ನು ಮಂಜುಗಡ್ಡೆ ಮಾಡಿ ಇಡುತ್ತದೆ. ಹಾಲು ಬಂದಾಗ ಆ ಮಂಜುಗಡ್ಡೆಯ ನೀರು ಹಾಲನ್ನು ತಣಿಸುತ್ತದೆ. ಆಗ ಬೇಕಾಗುವುದು ನೀರು, ಹಾಲುಗಳನ್ನು ಹರಿಸುವ ಸಣ್ಣ ಪಂಪಿಗೆ ಸಾಕಾಗುವ ಕರೆಂಟು ಮಾತ್ರ. 1,000 ಲೀಟರ್ ಹಾಲಿಗೆ ಸುಮಾರು 370 ಕಿಲೋ ಮಂಜುಗಡ್ಡೆ ಸಾಕು. ಹೊಸ ಘಟಕಕ್ಕೆ ಬೇಡಿಕೆ ಸಲ್ಲಿಸುವ ಸಂಘಗಳು ಬೆಲೆಯನ್ನಷ್ಟೇ ನೋಡದೆ "ಕರೆಂಟಿಲ್ಲದೆ ಎಷ್ಟು ತಾಸು ಹಾಲು ತಣಿಸಬಲ್ಲದು?" ಎಂದು ಕೇಳಿ ಬರೆಸಿಕೊಳ್ಳಬೇಕು.

ದೂರನ್ನು ಲೆಕ್ಕದೊಂದಿಗೆ ಕೊಡಿರಿ

ಪ್ರತಿ ಡೇರಿಯಲ್ಲಿ ಒಂದು ನೋಟುಪುಸ್ತಕವಿರಲಿ. ಕರೆಂಟು ಹೋದ ದಿನಾಂಕ, ಹೋದ ಹೊತ್ತು, ಬಂದ ಹೊತ್ತು, ಕೆಟ್ಟ ಹಾಲು ಎಷ್ಟು ಲೀಟರ್ ಎಂದು ಬರೆಯಿರಿ. ದೂರು ಕೊಡಲು 1912 ಸಂಖ್ಯೆಗೆ ಫೋನು ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನೂ ಅದೇ ಪುಸ್ತಕದಲ್ಲಿ ಬರೆದಿಡಿರಿ. ಇಪ್ಪತ್ತು ಜನ ಸೆಕ್ಷನ್ ಆಫೀಸಿನ ಮುಂದೆ ಕೂಗಾಡಿದ್ದಕ್ಕಿಂತ ಮೂರು ತಿಂಗಳ ಒಂದು ಪುಟ ಲೆಕ್ಕಕ್ಕೆ ಬೆಲೆ ಹೆಚ್ಚು. ವಿದ್ಯುತ್ ದರ ನಿಗದಿಗೆ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗ್ರಾಹಕರಿಂದ ಆಕ್ಷೇಪಣೆಗಳನ್ನು ಕರೆದು ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ಕೈಗಾರಿಕೆಯವರು ಲೆಕ್ಕ ಹಿಡಿದು ಮಾತಾಡುತ್ತಾರೆ. ಹಾಲು ಉತ್ಪಾದಕರೂ ಮಾತಾಡಬಾರದೇಕೆ?

ಕೊನೆಯದಾಗಿ ಒಂದು ಕಳಕಳಿಯ ಮಾತು. ಹಾಲು ಕೆಡುತ್ತದೆಂಬ ಆತುರದಲ್ಲಿ ಯಾರೂ ಟಿ.ಸಿ. ಹತ್ತಿ ಫ್ಯೂಸ್ ಹಾಕಲು ಹೋಗಬೇಡಿರಿ. ಬಿದ್ದ ತಂತಿಯನ್ನು ಕೋಲಿನಿಂದಲೂ ಸರಿಸಬೇಡಿರಿ. ಒಂದು ಕ್ಯಾನು ಹಾಲು ನಾಳೆ ಮತ್ತೆ ಬರುತ್ತದೆ. ಮನೆಯ ಯಜಮಾನ ಮತ್ತೆ ಬರುವುದಿಲ್ಲ.

ಸದಸ್ಯರೇ, ಕರೆಂಟು ಯಾವಾಗ ಬರುವುದೆಂಬುದು ನಮ್ಮ ಕೈಯಲ್ಲಿಲ್ಲ. ಯಾವಾಗ ಹಿಂಡಬೇಕು, ಎಷ್ಟು ಶುಚಿಯಾಗಿ ಹಿಂಡಬೇಕು, ಎಷ್ಟು ಬೇಗ ಡೇರಿಗೆ ಮುಟ್ಟಿಸಬೇಕು ಎಂಬುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಸಾಲಿನಲ್ಲಿ ನಿಂತಾಗ ದೀಪ ಆರಿದರೆ "ಕರೆಂಟು ಯಾವಾಗ ಬರುತ್ತದೆ?" ಎಂದು ಕೇಳುವ ಮೊದಲು "ನನ್ನ ಹಾಲು ಹಿಂಡಿ ಎಷ್ಟು ಹೊತ್ತಾಯಿತು?" ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಈ ಲೇಖನವನ್ನು ಓದಲು ಬಾರದ ಸದಸ್ಯರಿಗೆ ಓದಿ ಹೇಳಿರಿ. ಸಂಘದ ಮುಂದಿನ ಸಭೆಯಲ್ಲಿ ಇದರ ಮೇಲೆ ಚರ್ಚೆ ನಡೆಯಲಿ.